ಪತ್ರೊಡೆ ತಿಂದವರಿಗೂ ದಂಟು ಜಗಿದ ನಾಯಿಗೂ ಬಾಯಿ ತುರಿಕೆ: ಇದು ಅಲರ್ಜಿಯೇ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಾವು ಪುತ್ತೂರು ಕಡೆಯವರು. ಆಟಿ ತಿಂಗಳೆಂದು ಇಂದು ಮಧ್ಯಾಹ್ನ ಪತ್ರೊಡೆ ಮಾಡಿದ್ದೆವು. ಮರಕೆಸು ಸಿಗದ ಕಾರಣ ತೋಡಿನ ಬದಿಯ ಕೆಸುವಿನ ಎಲೆಯನ್ನೇ ತಂದಿದ್ದೆವು. ತಿಂದ ನಾಲ್ವರಿಗೂ ನಾಲಗೆ, ಗಂಟಲು ತುರಿಸಿತು. ಹಿತ್ತಲಿಗೆ ಎಸೆದ ಹಸಿ ದಂಟನ್ನು ಜಗಿದ ನಮ್ಮ ನಾಯಿ ಜೊಲ್ಲು ಸುರಿಸುತ್ತಾ ಮುಂಗಾಲಿನಿಂದ ಮೂತಿ ಉಜ್ಜಿಕೊಳ್ಳುತ್ತಿದೆ. ಅತ್ತೆಯವರು ಅಲರ್ಜಿಯೆಂದು ಮಾತ್ರೆ ನುಂಗಿದ್ದಾರೆ. ಅದರಲ್ಲಿ ಅರ್ಧವನ್ನು ನಾಯಿಗೂ ಕೊಡಬಹುದೇ?

ಪಶುವೈದ್ಯರ ಉತ್ತರ: ದಯವಿಟ್ಟು ಕೊಡಬೇಡಿ. ಅಲರ್ಜಿ, ಶೀತದ ಮಾತ್ರೆಗಳಲ್ಲಿ ಕೆಲವಕ್ಕೆ ಪ್ಯಾರಾಸಿಟಮಾಲ್ ಮತ್ತಿತರ ಔಷಧಿಗಳೂ ಸೇರಿರುತ್ತವೆ. ಅವು ನಾಯಿಗೆ ಅಪಾಯಕಾರಿ, ಬೆಕ್ಕಿಗಂತೂ ಪ್ಯಾರಾಸಿಟಮಾಲ್ ಪ್ರಾಣಾಂತಿಕ.

ಒಂದೇ ಅಡುಗೆಯನ್ನು ಉಂಡ ನಾಲ್ವರಿಗೂ ತುರಿಸಿದೆ ಎಂಬ ನಿಮ್ಮ ಮಾತಿನಲ್ಲೇ ಉತ್ತರವಿದೆ. ಅಲರ್ಜಿ ಸಾಮಾನ್ಯವಾಗಿ ಮನೆಯಲ್ಲಿ ಒಬ್ಬರನ್ನು ಹಿಡಿಯುತ್ತದೆಯೇ ಹೊರತು ಪಂಕ್ತಿಯಲ್ಲಿ ಕುಳಿತ ಎಲ್ಲರನ್ನೂ ಅಲ್ಲ. ಕೆಸುವಿನ ಎಲೆ, ದಂಟು, ಗೆಡ್ಡೆಗಳ ಕೆಲವು ಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಕಟ್ಟುಕಟ್ಟಾಗಿ ಇರುತ್ತವೆ. ಜಗಿದಾಗ ಕೋಶ ಒಡೆದು ಅವು ನಾಲಗೆ, ವಸಡು, ಗಂಟಲಿನ ತೆಳುಪೊರೆಗೆ ಚುಚ್ಚಿಕೊಳ್ಳುತ್ತವೆ. ಈ ಹರಳುಗಳು ಕುದಿಯುವ ನೀರಿನಲ್ಲಿ ಕರಗುವುದಿಲ್ಲ. ಆದರೂ ಚೆನ್ನಾಗಿ ಬೆಂದ ಕೆಸು ತುರಿಸದಿರುವುದಕ್ಕೆ, ಅವುಗಳ ಜೊತೆಗಿದ್ದು ಉರಿಯನ್ನು ಹೆಚ್ಚಿಸುವ ಪ್ರೋಟೀನು ಶಾಖಕ್ಕೆ ಕೆಡುವುದು ಒಂದು ಕಾರಣ. ಹುಳಿ ಕಡಿಮೆಯಾಯಿತೇ, ಹಬೆಯಲ್ಲಿ ಬೇಯುವುದು ಸಾಲಲಿಲ್ಲವೇ ಎಂದು ಅತ್ತೆಯವರನ್ನೇ ಕೇಳಿ; ಈ ವಿಷಯದಲ್ಲಿ ಅವರು ನನಗಿಂತ ಬಲ್ಲವರು.

ನಾಯಿ ಜಗಿದದ್ದು ಹಸಿ ದಂಟಾದ್ದರಿಂದ ಅದಕ್ಕೆ ಉರಿ ಹೆಚ್ಚು. ಬಾಯಲ್ಲಿ ನಾರು ಉಳಿದಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ, ತಲೆ ತಗ್ಗಿಸಿ ಹಿಡಿದು ನೀರು ಹೊರಕ್ಕೆ ಹರಿಯುವಂತೆ ತೊಳೆಯಿರಿ, ಬಳಿಕ ತಣ್ಣನೆಯ ಮೊಸರನ್ನೋ ಹಾಲನ್ನೋ ಸ್ವಲ್ಪ ನೆಕ್ಕಿಸಿ. ಬಲವಂತವಾಗಿ ವಾಂತಿ ಮಾಡಿಸಬೇಡಿ. ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಶಮನವಾಗುತ್ತದೆ; ನಾಲಗೆ ಊದಿದರೆ, ಉಸಿರಾಟ ಕಷ್ಟವಾದರೆ, ವಾಂತಿ ನಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ ಕರೆತನ್ನಿ. ಕುಂಡದಲ್ಲಿ ಬೆಳೆಸುವ ಮನಿಪ್ಲಾಂಟ್, ಡೈಫನ್‌ಬೇಕಿಯಾಗಳಲ್ಲೂ ಇದೇ ಹರಳುಗಳಿವೆ.

ನಿಮ್ಮ ನಾಯಿ ದಂಟು ಜಗಿದದ್ದನ್ನು ನೀವು ಕಂಡಿರುವುದರಿಂದ ಇಷ್ಟು ನಿರಾಳವಾಗಿ ಬರೆದೆ. ಕಾರಣ ತಿಳಿಯದೆ ಜೊಲ್ಲು ಸುರಿಸುತ್ತಿದ್ದು, ಧ್ವನಿ ಬದಲಾಗಿ, ನುಂಗಲಾರದೆ ಒದ್ದಾಡುವ ನಾಯಿಯ ಬಾಯಿಗೆ ಕೈ ಹಾಕಲೇಬಾರದು. ಎಲುಬು ಸಿಕ್ಕಿಕೊಂಡಿದೆಯೆಂದು ಭಾವಿಸಿ ಕೈ ಹಾಕಿದ ಮೇಲೆ ಅದು ರೇಬೀಸ್ ಎಂದು ತಿಳಿದುಬಂದ ಪ್ರಸಂಗಗಳಿವೆ. ಮಳೆಗಾಲದ ರಾತ್ರಿ ಹಠಾತ್ತನೆ ಬಾಯಲ್ಲಿ ನೊರೆ ಬಂದರೆ ನೆಲಗಪ್ಪೆಯನ್ನು ಕಚ್ಚಿರಲೂಬಹುದು. ಅದರ ವಿಷ ಹೃದಯಕ್ಕೂ ತಾಗುವುದರಿಂದ ಬಾಯಿ ತೊಳೆದು ಕೂಡಲೇ ವೈದ್ಯರ ಬಳಿಗೆ ಹೋಗಬೇಕು.

ಮರುಪ್ರಶ್ನೆ: ಮೊಸರು ನೆಕ್ಕಿಸಿದ ಮೇಲೆ ನಾಯಿ ಮಲಗಿದೆ, ಜೊಲ್ಲೂ ಕಡಿಮೆಯಾಗಿದೆ. ಇನ್ನೊಂದು ಸಂದೇಹ. ನನ್ನ ಮಗನಿಗೆ ಬದನೆಕಾಯಿ ತಿಂದಾಗಲೆಲ್ಲ ನಾಲಗೆ ತುರಿಸುತ್ತದೆ, ನಮಗೆ ಯಾರಿಗೂ ಇಲ್ಲ. ಅದೂ ಹರಳಿನದೇ?

ಪಶುವೈದ್ಯರ ಉತ್ತರ: ಇದನ್ನು ಮನುಷ್ಯರ ವೈದ್ಯರೇ ನಿರ್ಧರಿಸಬೇಕು. ಒಬ್ಬನಿಗೇ, ಪ್ರತಿಸಲವೂ ಆಗುವುದರಿಂದ ಅಲರ್ಜಿಯ ಅನುಮಾನ ಸಹಜ. ಆದರೆ ಅಲರ್ಜಿಯಾದಾಗ ನಮ್ಮ ದೇಹದಲ್ಲಿ ಬಿಡುಗಡೆಯಾಗಿ ತುರಿಕೆ ಹುಟ್ಟಿಸುವ ಹಿಸ್ಟಮಿನ್ ಎಂಬ ರಾಸಾಯನಿಕ ಬದನೆಯಲ್ಲಿಯೇ ಇರುವುದರಿಂದ ಅಲರ್ಜಿಯಿಲ್ಲದವರಿಗೂ ಬಾಯಿ ತುರಿಸುವುದುಂಟು. ಎಷ್ಟು ತಿಂದಾಗ, ಎಷ್ಟು ನಿಮಿಷಕ್ಕೆ ತುರಿಸಿತು, ಮೈಮೇಲೆ ದದ್ದು ಎದ್ದಿತೇ ಎಂಬುದನ್ನು ಬರೆದಿಟ್ಟುಕೊಂಡು ಅಲರ್ಜಿ ತಜ್ಞರಿಗೆ ತೋರಿಸಿ. ಅಲ್ಲಿಯವರೆಗೆ ಬದನೆ ಬೇಡ. ತುಟಿ ಊದಿ ಉಸಿರು ಕಟ್ಟಿದಂತಾದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.