ಸಹಾಯ ಬೇಕು: ಮುಖಪುಟ ಚಿತ್ರದ ಕರಾರು ಪತ್ರ ನೋಡಿಕೊಡುವವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮೂರು ಧಾರವಾಡ, ಈಗ ಇರುವುದು ಡೊಂಬಿವಲಿಯಲ್ಲಿ. ಮೂರು ವರ್ಷದಿಂದ ಪುಸ್ತಕಗಳಿಗೆ ಮುಖಪುಟ ಬರೆಯುತ್ತಿದ್ದೇನೆ. ಅದರಲ್ಲೂ ವೈಜ್ಞಾನಿಕ ಕಾದಂಬರಿ, ಫ್ಯಾಂಟಸಿ ಅಂದರೆ ನನಗೆ ಜೀವ. ಅಮೆರಿಕದ ಮೈಕೆಲ್ ವೆಲನ್ ಅವರ ಚಿತ್ರಗಳನ್ನು ನೋಡಿಯೇ ಈ ಹುಚ್ಚು ಹತ್ತಿದ್ದು. ಇಂಥ ಮುಖಪುಟಗಳಿಗೇ ಹೆಸರಾದ ಅವರು, ವೈಜ್ಞಾನಿಕ ಕಾದಂಬರಿ, ಫ್ಯಾಂಟಸಿ ಲೋಕದ ದೊಡ್ಡ ಪ್ರಶಸ್ತಿಯಾದ ಹ್ಯೂಗೋವನ್ನು 15 ಸಲ ಪಡೆದಿದ್ದಾರೆ.

ಹೋದ ವರ್ಷ ಒಬ್ಬ ಪ್ರಕಾಶಕರಿಗೆ ಒಂದು ಚಿತ್ರ ಮಾಡಿಕೊಟ್ಟೆ. ಹಸ್ತಪ್ರತಿ ಪೂರ್ತಿ ಓದಿ, ಹತ್ತಾರು ಸ್ಕೆಚ್ ಹಾಕಿ, ಶೀರ್ಷಿಕೆಗೆ ಮೇಲೆ ಜಾಗ ಬಿಟ್ಟು, ಪರದೆ ಮೇಲೆ ಹೊಳೆಯುವ ನೀಲಿ ಅಚ್ಚಿನಲ್ಲಿ ಮಂಕಾಗುತ್ತದಲ್ವಾ, ಅದಕ್ಕೇ ಬಣ್ಣ ಎರಡು ಸಲ ತಿದ್ದಿ ಕೊಟ್ಟಿದ್ದೆ. ಮಾತು ಆಗಿದ್ದು ಒಂದು ಮುದ್ರಣಕ್ಕೆ ಮಾತ್ರ, ಅದೂ ಫೋನಿನಲ್ಲಿ. ಈಗ ಅದೇ ಚಿತ್ರ ಆಡಿಯೋ ಪುಸ್ತಕದ ಮೇಲೂ ಇದೆ, ಪೋಸ್ಟರ್ ಮೇಲೂ ಇದೆ. ನನಗೆ ಒಂದು ಮಾತೂ ಹೇಳಿಲ್ಲ. ತುಂಬಾ ನೋವಾಯಿತು.

1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಓದಿದೆ. ಹಕ್ಕು ವರ್ಗಾವಣೆ ಬರಹದಲ್ಲೇ ಇರಬೇಕು, ಸಹಿಯೂ ಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಅಂತ ಲೆಕ್ಕ. ಹಾಗಾದರೆ ಫೋನಿನ ಮಾತಿಗೆ ಏನು ಬೆಲೆ?

ಮುಂಬೈ, ಠಾಣೆ ಕಡೆ ಈ ಕಾನೂನು ಗೊತ್ತಿರುವ ಕನ್ನಡದ ವಕೀಲರು ಇದ್ದರೆ ದಯವಿಟ್ಟು ತಿಳಿಸಿ, ಫೀಸ್ ಕೊಡುತ್ತೇನೆ. ಮುಖಪುಟ ಬರೆಯುವವರು ಇದ್ದರೆ, ಇ-ಪುಸ್ತಕ, ಆಡಿಯೋ, ಅನುವಾದ ಇವಕ್ಕೆಲ್ಲ ಬೇರೆ ಬೇರೆ ದುಡ್ಡು ಕೇಳುತ್ತೀರಾ? ಮುಂದಿನ ಕೆಲಸಕ್ಕೆ ಈ ವಾರವೇ ಕರಾರು ಕಳಿಸಬೇಕು. ನಿಮ್ಮ ಹತ್ತಿರ ಮಾದರಿ ಇದ್ದರೆ ಮೆಸೇಜ್ ಮಾಡಿ.