ಸಹಾಯ ಬೇಕು: ಸ್ಲೀಪ್ ಅಪ್ನಿಯಾಗೆ ದವಡೆ ಆಪರೇಷನ್ ಆದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮ ಅಣ್ಣನಿಗೆ ಸ್ಲೀಪ್ ಅಪ್ನಿಯಾ ಇದೆ, ಅಂದರೆ ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಮತ್ತೆ ಮತ್ತೆ ಉಸಿರು ಕಟ್ಟುತ್ತದೆ. ನಿದ್ದೆಯ ಪರೀಕ್ಷೆಯಲ್ಲಿ ಗಂಟೆಗೆ 42 ಸಲ ಉಸಿರು ಕಟ್ಟುತ್ತದೆ ಇಲ್ಲವೇ ಕಡಿಮೆಯಾಗುತ್ತದೆ ಅಂತ ಬಂತು. 30 ದಾಟಿದರೆ ತೀವ್ರ ಅಂತ ಲೆಕ್ಕ. ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲು ತೆರೆದಿಡುವ ಸಿಪ್ಯಾಪ್ ಮೆಷಿನ್ ಅವನಿಗೆ ಒಗ್ಗಲೇ ಇಲ್ಲ. ನಿದ್ದೆಗಣ್ಣಲ್ಲೇ ಮಾಸ್ಕ್ ಕಿತ್ತು ಹಾಕುತ್ತಾನೆ. ಬೆಳಿಗ್ಗೆ ನೋಡಿದರೆ ಮೂಗಿನ ಮೇಲೆ ಕೆಂಪು ಗೆರೆ ಮಾತ್ರ.

ಈಗ ಡಾಕ್ಟರು ಆಪರೇಷನ್ ಮಾತು ಎತ್ತಿದ್ದಾರೆ. ಔಷಧ ಕೊಟ್ಟು ಮಲಗಿಸಿ, ಮೂಗಿನಿಂದ ಸಣ್ಣ ಕ್ಯಾಮೆರಾ ಬಿಟ್ಟು, ಗಂಟಲು ಎಲ್ಲಿ ಕುಸಿಯುತ್ತದೆ ಅಂತ ನೋಡಿದರು. ಮೆದು ಅಂಗುಳಿನ ಹತ್ತಿರ ಸುತ್ತಲಿಂದಲೂ ಪೂರ್ತಿ ಮುಚ್ಚಿಕೊಳ್ಳುತ್ತಿದೆ. ನಾಲಿಗೆಯ ಬುಡವೂ ಹಿಂದಕ್ಕೆ ಬೀಳುತ್ತಿದೆ. ಹೀಗೆ ಮುಚ್ಚಿಕೊಂಡರೆ ನಾಲಿಗೆಯ ನರಕ್ಕೆ ಕರೆಂಟ್ ಕೊಡುವ ಸಾಧನವನ್ನು ಸಾಮಾನ್ಯವಾಗಿ ಹಾಕುವುದಿಲ್ಲವಂತೆ. ಉಳಿದದ್ದು ಅಂಗುಳಿನ ಆಪರೇಷನ್, ಇಲ್ಲಾ ಎರಡೂ ದವಡೆ ಕತ್ತರಿಸಿ ಸುಮಾರು 10 ಮಿಲಿಮೀಟರ್ ಮುಂದಕ್ಕೆ ತಂದು ಪ್ಲೇಟ್ ಕೂರಿಸುವುದು. ಅಂಗುಳನ್ನು ಮಾತ್ರ ಮುಟ್ಟಿದರೆ ನಾಲಿಗೆಯ ಬುಡದ ತೊಂದರೆ ಹಾಗೇ ಉಳಿಯುತ್ತದೆ ಅಲ್ವಾ? ದವಡೆ ಮುಂದೆ ಬಂದರೆ ಅಂಗುಳು, ನಾಲಿಗೆಯ ಬುಡ ಎರಡೂ ಮುಂದಕ್ಕೆ ಬರುತ್ತವೆ, ಹಾಗಾಗಿ ನನಗಂತೂ ದವಡೆಯದ್ದೇ ಸರಿ ಅನ್ನಿಸುತ್ತದೆ, ಆದರೆ ಅದು ದೊಡ್ಡ ಆಪರೇಷನ್. ಅಣ್ಣ ತುಂಬಾ ಹೆದರಿದ್ದಾನೆ.

ಮಾಡಿಸಿಕೊಂಡವರು ದಯವಿಟ್ಟು ಹೇಳಿ. ಕೆಳತುಟಿ, ಗದ್ದದ ಜೋಮು ಎಷ್ಟು ಕಾಲ ಇತ್ತು? ಪೂರ್ತಿ ಹೋಯಿತಾ? ಅಗಿದು ತಿನ್ನಲು ಯಾವಾಗ ಆಯಿತು? ಮುಖ್ಯವಾಗಿ, ಆಮೇಲೆ ಮತ್ತೆ ನಿದ್ದೆಯ ಪರೀಕ್ಷೆ ಮಾಡಿಸಿದಾಗ ಸಂಖ್ಯೆ ಎಷ್ಟಕ್ಕೆ ಇಳಿಯಿತು? ಗೊರಕೆ ನಿಂತರೂ ಉಸಿರು ಕಟ್ಟುವುದು ಉಳಿದಿರಬಹುದು, ಅದಕ್ಕೇ ಕೇಳುತ್ತಿದ್ದೇನೆ.