ಪ್ಲಾಟಿನಂ ಮೇಲೆ ಅಲ್ಯೂಮಿನಾ ಕೋಟಿಂಗ್: ಮೊದಲು ಕರೆಂಟ್ ಬಿತ್ತು, ಆಮೇಲೆ ತಾನಾಗಿ ಏರಿತು, ಯಾಕೆ?

ನೇತ್ರಾವತಿ_ದಡ
ಎಲ್ಲರಿಗೂ ನಮಸ್ಕಾರ. ಎಂ.ಟೆಕ್ ಎರಡನೇ ವರ್ಷದಲ್ಲಿದ್ದೇನೆ, ಪ್ರಾಜೆಕ್ಟ್ ಇರುವುದು ಪೆಮ್ ಫ್ಯುಯೆಲ್ ಸೆಲ್‌ನ (ಹೈಡ್ರೋಜನ್ ಮತ್ತು ಆಮ್ಲಜನಕದಿಂದ ವಿದ್ಯುತ್ ಮಾಡುವ ಸೆಲ್) ಕ್ಯಾಥೋಡ್ ಮೇಲೆ, ಅಂದರೆ ಆಮ್ಲಜನಕದ ಕಡೆಯ ಎಲೆಕ್ಟ್ರೋಡ್. ಅಲ್ಲಿ ಕ್ರಿಯೆ ನಡೆಸುವ, ಇಂಗಾಲದ ಪುಡಿಯ ಮೇಲೆ ಕೂತಿರುವ ಪ್ಲಾಟಿನಂ ಕಣಗಳು ಸುಮಾರು 3 ನ್ಯಾನೊಮೀಟರ್. ಸೆಲ್ ಓಡಿದಷ್ಟೂ ಚಿಕ್ಕ ಕಣಗಳು ಕರಗಿ ದೊಡ್ಡವಕ್ಕೆ ಸೇರಿಕೊಳ್ಳುತ್ತವೆ. ಅದನ್ನು ತಡೆಯಲು ಎಎಲ್‌ಡಿಯಲ್ಲಿ (ಸೈಕಲ್‌ಗೊಂದು ತೀರಾ ತೆಳು ಪದರ ಬೆಳೆಸುವ ವಿಧಾನ) 30 ಸೈಕಲ್ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್, ಹಾಕಿದೆ. 0.1 ಮೋಲಾರ್ ಪರ್‌ಕ್ಲೋರಿಕ್ ಆಮ್ಲದಲ್ಲಿ ಆರ್‌ಡಿಇ (ತಿರುಗುವ ಎಲೆಕ್ಟ್ರೋಡ್ ಪರೀಕ್ಷೆ) ಮಾಡಿದರೆ ಕರೆಂಟ್ ಹೆಚ್ಚೂಕಡಿಮೆ ಸತ್ತೇ ಹೋಗಿತ್ತು. ಆದರೆ ವೋಲ್ಟೇಜ್ ಸೈಕಲ್ ಓಡಿಸುತ್ತಾ ಹೋದ ಹಾಗೆ ಅದು ತಾನಾಗಿ ಏರಿತು, ಆಮೇಲೆ ಕೋಟಿಂಗ್ ಇಲ್ಲದ ಸ್ಯಾಂಪಲ್ ಥರಾನೇ ಇಳಿಯಿತು. ಇನ್ನೂ ದಪ್ಪ ಹಾಕಬೇಕಾ? ಎರಡು ತಿಂಗಳಿಂದ ಇದರಲ್ಲೇ ಇದ್ದೇನೆ, ದಯವಿಟ್ಟು ಹೇಳಿ.

ಪಾದರಸ
ದಪ್ಪ ಹಾಕಬೇಡಿ. ಅಲ್ಯೂಮಿನಾ ಒಂದು ಸೈಕಲ್‌ಗೆ ಸುಮಾರು 0.11 ನ್ಯಾನೊಮೀಟರ್ ಬೆಳೆಯುತ್ತದೆ, ಅಂದರೆ ನಿಮ್ಮ 30 ಸೈಕಲ್‌ಗೆ 3 ನ್ಯಾನೊಮೀಟರ್ ದಾಟಿತು. ಕಣ ಎಷ್ಟು ದಪ್ಪವೋ ಕೋಟಿಂಗೂ ಅಷ್ಟೇ ದಪ್ಪ! ಆಮ್ಲಜನಕ ಒಳಗೆ ಹೋಗುವುದಾದರೂ ಹೇಗೆ? ಆಮೇಲೆ ಕರೆಂಟ್ ಏರಿದ್ದು ಕೋಟಿಂಗ್ ಕರಗಿದ್ದಕ್ಕೆ. ಎಎಲ್‌ಡಿ ಅಲ್ಯೂಮಿನಾ ಸ್ಫಟಿಕವಾಗಿರುವುದಿಲ್ಲ, ಬಲವಾದ ಆಮ್ಲದಲ್ಲಿ ನಿಲ್ಲುವುದಿಲ್ಲ. ನಿಜವಾದ ಸೆಲ್‌ನಲ್ಲಿ ಇದು ಇನ್ನೂ ಕೆಟ್ಟದ್ದು. ಕರಗಿದ ಅಲ್ಯೂಮಿನಿಯಂ ಅಯಾನು, ಪ್ರೋಟಾನ್ ಸಾಗಿಸುವ ಪಾಲಿಮರ್ ಆದ ನಾಫಿಯಾನ್ ಒಳಗೆ ಪ್ರೋಟಾನ್‌ಗಳ ಜಾಗ ಹಿಡಿದು ಕೂರುತ್ತದೆ.

ಕಣಕ್ಕೆ ಕಂಬಳಿ ಹೊದಿಸಬೇಡಿ, ಸುತ್ತ ಬೇಲಿ ಹಾಕಿ. ಕೆನಡಾದ ವೆಸ್ಟರ್ನ್ ವಿಶ್ವವಿದ್ಯಾಲಯದ ತಂಡವೊಂದು 2015ರಲ್ಲಿ ಇದನ್ನೇ ಮಾಡಿ ತೋರಿಸಿತು. ಮೊದಲು ಓಲೈಲಮೀನ್ ಅನ್ನುವ ಸಾವಯವ ರಾಸಾಯನಿಕ ಕೊಟ್ಟು ಪ್ಲಾಟಿನಂನ ಮೇಲ್ಮೈ ಮುಚ್ಚಿದರು, ಆಮೇಲೆ ಎಎಲ್‌ಡಿಯಲ್ಲೇ ಜಿರ್ಕೋನಿಯಾ (ಜಿರ್ಕೋನಿಯಂ ಆಕ್ಸೈಡ್) ಬೆಳೆಸಿದರು. ಅದು ಕಣದ ತಲೆ ಬಿಟ್ಟು ಸುತ್ತಲಿನ ಇಂಗಾಲದ ಮೇಲೆ ಮಾತ್ರ ಬೆಳೆದು ಗೂಡಿನ ಥರ ಆಯಿತು. ಕೊನೆಗೆ ಓಲೈಲಮೀನ್ ತೆಗೆದರೆ ಪ್ಲಾಟಿನಂ ಮತ್ತೆ ಬಯಲಾಗುತ್ತದೆ. ಕಣ ಅಲುಗುವುದಿಲ್ಲ, ಆಮ್ಲಜನಕಕ್ಕೆ ದಾರಿಯೂ ಇರುತ್ತದೆ.

ಹಳೇ_ಬ್ಯಾಟರಿ
ಮೇಲಿನವರು ಹೇಳಿದ್ದು ಸರಿ. ಆದರೆ ನೀವು ಯಾವ ರೋಗಕ್ಕೆ ಮದ್ದು ಹುಡುಕುತ್ತಿದ್ದೀರಿ ಅಂತ ಮೊದಲು ತೀರ್ಮಾನ ಮಾಡಿ. ಪ್ಲಾಟಿನಂ ಕರಗುವುದು ಬೇರೆ, ಅದರ ಕೆಳಗಿನ ಇಂಗಾಲ ಸವೆಯುವುದು ಬೇರೆ. ನಿಂತಿದ್ದ ಸೆಲ್‌ನ ಆನೋಡ್ ಕಡೆ, ಅಂದರೆ ಹೈಡ್ರೋಜನ್ ಬರುವ ಕಡೆ, ಗಾಳಿ ತುಂಬಿಕೊಂಡಿರುತ್ತದೆ, ಸ್ಟಾರ್ಟ್ ಮಾಡಿದಾಗ ಹೈಡ್ರೋಜನ್ ಅದನ್ನು ತಳ್ಳುತ್ತಾ ಬರುತ್ತದೆ, ಆ ಸ್ವಲ್ಪ ಹೊತ್ತು ಗಾಳಿ ಉಳಿದಿರುವ ಜಾಗದ ಎದುರಿನ ಕ್ಯಾಥೋಡ್ ಸುಮಾರು 1.5 ವೋಲ್ಟ್‌ವರೆಗೂ ಏರಿಬಿಡುತ್ತದೆ, ಇಂಗಾಲ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಟುಹೋಗುತ್ತದೆ. ನೆಲವೇ ಕುಸಿದ ಮೇಲೆ ಬೇಲಿ ಏನು ಮಾಡೀತು? ಅದಕ್ಕೇ ಅಮೆರಿಕದ ಇಂಧನ ಇಲಾಖೆ ಎರಡು ಪರೀಕ್ಷೆ ಇಟ್ಟಿದೆ: ಪ್ಲಾಟಿನಂಗೆ 0.6ರಿಂದ 0.95 ವೋಲ್ಟ್, 30,000 ಸೈಕಲ್; ಇಂಗಾಲಕ್ಕೆ 1.0ರಿಂದ 1.5 ವೋಲ್ಟ್, 5,000 ಸೈಕಲ್. ಎರಡನ್ನೂ ಬೇರೆ ಬೇರೆ ಸ್ಯಾಂಪಲ್ ಮೇಲೆ ಮಾಡಿ. ಬರೀ ಮೊದಲನೆಯದನ್ನು ಪಾಸು ಮಾಡಿ ಬಾಳಿಕೆ ಬರುತ್ತೆ ಅಂತ ಥೀಸಿಸ್‌ನಲ್ಲಿ ಬರೆಯಬೇಡಿ.

ಸಿಹಿಕಹಿ
ಎಎಲ್‌ಡಿ ಯಂತ್ರದ ಸ್ಲಾಟ್ ಸಿಗದಿದ್ದರೆ ಡೋಪಮೀನ್ ನೋಡಿ. ಸ್ವಲ್ಪ ಕ್ಷಾರದ ನೀರಿನಲ್ಲಿ ಕಲಕಿದರೆ ಅದು ತಾನೇ ಕಣದ ಸುತ್ತ ಪಾಲಿಡೋಪಮೀನ್ ಆಗಿ ಅಂಟಿಕೊಳ್ಳುತ್ತದೆ. ಗಾಳಿ ಸೋಕದ ಹಾಗೆ 700 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯಿಸಿದರೆ ಸಾರಜನಕ ಬೆರೆತ ತೆಳ್ಳನೆಯ ಇಂಗಾಲದ ಚಿಪ್ಪು ಉಳಿಯುತ್ತದೆ. 2015ರಲ್ಲಿ ಕೊರಿಯಾದವರು ಕಬ್ಬಿಣ-ಪ್ಲಾಟಿನಂ ಕಣಗಳಿಗೆ ಹೀಗೆ ಮಾಡಿದ್ದರು, ಚಿಪ್ಪು 1 ನ್ಯಾನೊಮೀಟರ್‌ಗಿಂತ ತೆಳು. ಅಷ್ಟು ಬಿಸಿಯಲ್ಲೂ ಕಣಗಳು ಒಂದಕ್ಕೊಂದು ಅಂಟದ ಹಾಗೆ ಕಾಯುವುದು ಆ ಚಿಪ್ಪೇ, ಅದು ನನಗೆ ತುಂಬಾ ಇಷ್ಟವಾದ ವಿಷಯ. ಕಲಕುವ ಹೊತ್ತು ಜಾಸ್ತಿಯಾದರೆ ಚಿಪ್ಪು ದಪ್ಪವಾಗಿ ಮತ್ತೆ ಅದೇ ಕಥೆ.

ನೇತ್ರಾವತಿ_ದಡ
ತುಂಬಾ ಧನ್ಯವಾದ. ಪರೀಕ್ಷೆ ಮುಗಿದ ಆಮ್ಲ ಇನ್ನೂ ಬಾಟಲಿಯಲ್ಲಿದೆ, ನಾಳೆ ಐಸಿಪಿಗೆ (ದ್ರಾವಣದಲ್ಲಿರುವ ಲೋಹ ಅಳೆಯುವ ಪರೀಕ್ಷೆ) ಕೊಟ್ಟು ಅಲ್ಯೂಮಿನಿಯಂ ಇದೆಯಾ ನೋಡಿಸುತ್ತೇನೆ. ಯಂತ್ರದ ಸ್ಲಾಟ್ ಬರೋದು ಮುಂದಿನ ತಿಂಗಳು, ಅಲ್ಲಿವರೆಗೆ ಡೋಪಮೀನ್ ಶುರು ಮಾಡುತ್ತೇನೆ. @ಸಿಹಿಕಹಿ, ಕಲಕುವ ಹೊತ್ತು ಎಷ್ಟರಿಂದ ಶುರು ಮಾಡಲಿ?